ಹುಬ್ಬಳ್ಳ್ಯಾಗ ಒಂದು ವಸ್ತಿ

ಲಾಡ್ಜಿನ ಮ್ಯಾನೇಜರ್ ನಮ್ಮ ಆಧಾರ್ ಕಾರ್ಡುಗಳನ್ನು ಎರಡೆರಡು ಸಲ ತಿರುವಿದ. ಒಮ್ಮೆ ಕಾರ್ಡು ನೋಡಿದ, ಒಮ್ಮೆ ನಮ್ಮ ಮುಖ ನೋಡಿದ. ಆಮೇಲೆ ಕನ್ನಡಕ ಹಣೆಗೇರಿಸಿ, "ಧಾರವಾಡದವ್ರ? ಬಸ್ ತಪ್ಪಿತೇನ್ರಿ?" ಅಂದ.

ಶನಿವಾರ ಮಧ್ಯಾಹ್ನ ಮೂರು ಗಂಟೆ. ಹೊರಗೆ ಚಿಗರಿ ಬಸ್ಸುಗಳು ಒಂದರ ಬೆನ್ನಿಗೊಂದು ಧಾರವಾಡದ ಕಡೆ ಓಡುತ್ತಿದ್ದವು. ತಪ್ಪಿಸಿಕೊಳ್ಳಬೇಕೆಂದರೂ ತಪ್ಪದಂಥ ಬಸ್ಸು. ನಮ್ಮವರು ತಡವರಿಸಿದರು. "ಇಲ್ರಿ, ಮದುವಿ ಐತಿ. ಮುಂಜಾನೆ ಲಗೂನ ಅಕ್ಕಿಕಾಳು" ಅಂದುಬಿಟ್ಟರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಕಣ್ಣೆದುರಿಗೇ ಅವರು ಹೇಳಿದ ಮೊದಲ ಪೂರಾ ಸುಳ್ಳು ಅದು. ಉಳಿದವೆಲ್ಲ ಅರ್ಧರ್ಧ.

ಖರೇ ಹೇಳಬೇಕೆಂದರೆ ತಪ್ಪು ನನ್ನದು. ಮಗ ಓದಲಿಕ್ಕೆ ಪುಣೆಗೆ ಹೋದ ಮೇಲೆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಲಾರಂಭಿಸಿತ್ತು. ಎಲ್ಲಿಯಾದರೂ ಎರಡು ದಿನ ಹೋಗಿಬರೋಣ ಎಂದರೆ ಗೋವಾಕ್ಕೆ ರೊಕ್ಕ ಸಾಲದು, ದಾಂಡೇಲಿಗೆ ರಜೆ ಸಾಲದು. ನಮ್ಮ ಶಾಲೆಯ ಗಣಿತದ ಟೀಚರ್ ಒಬ್ಬರು, ಬೆಂಗಳೂರಿನ ತಮ್ಮ ಸೊಸೆ 'ಸ್ಟೇಕೇಷನ್' ಮಾಡುತ್ತಾಳೆ ಅಂದಿದ್ದರು. ಮನೆಗೆ ಬಂದು ಇವರಿಗೆ ಹೇಳಿದೆ.

"ಹಂಗಂದ್ರ?"

"ತಮ್ಮೂರಾಗ ತಾವ ಲಾಡ್ಜ್ ಮಾಡಿ ಇರೂದು."

"ಅದಕ್ಕ ರೊಕ್ಕಾನೂ ಕೊಡ್ತಾರ?"

ಧಾರವಾಡದಲ್ಲೇ ಲಾಡ್ಜಿಗೆ ಹೋದರೆ ಸಂಜೆಯೊಳಗೆ ಸಪ್ತಾಪುರದ ತನಕ ಸುದ್ದಿ ಮುಟ್ಟುತ್ತದೆ, ಗಂಡ ಹೆಂಡತಿ ಜಗಳಾಡಿ ಮನೆ ಬಿಟ್ಟಾರಂತ ಎಂದು. ಹಾಗಾಗಿ ಹುಬ್ಬಳ್ಳಿ. ಇಪ್ಪತ್ತು ಕಿಲೋಮೀಟರ್. ಕಾಗದದ ಮೇಲೆ ಅದೂ ನಮ್ಮೂರೇ. 1962ರಲ್ಲೇ ಎರಡೂ ಊರಿಗೆ ಕೂಡಿ ಒಂದೇ ಪಾಲಿಕೆ ಮಾಡಿದ್ದರು. ಆದರೆ ಒಂದೇ ಛಾವಣಿಯ ಕೆಳಗೆ ಎರಡು ಒಲೆ ಹೂಡಿದ ಮನೆಯಂತೆ ಬದುಕಿದ್ದೇವೆ. ನಾವು ಅವರನ್ನು ವ್ಯಾಪಾರಸ್ಥರು ಅಂತೇವೆ, ಅವರು ನಮ್ಮನ್ನು ಬರೇ ಮಾತಿನವರು ಅಂತಾರೆ. ಧಾರವಾಡಕ್ಕೆ ಬೇರೆ ಪಾಲಿಕೆ ಆಗಲಿ ಎಂದು 2025ರ ಜನವರಿಯಲ್ಲಿ ಸಚಿವ ಸಂಪುಟವೂ ಒಪ್ಪಿದಾಗ ನಮ್ಮ ಓಣಿಯಲ್ಲಿ ಪೇಡೆ ಹಂಚಿದವರಿದ್ದರು. ಅದರಲ್ಲಿ ಇವರೂ ಒಬ್ಬರು. ಈಗ ಅದೇ ಮನುಷ್ಯ ಹುಬ್ಬಳ್ಳಿಯ ಲಾಡ್ಜಿನಲ್ಲಿ ನಿಂತು ಇಲ್ಲದ ಮದುವೆಯ ಮುಹೂರ್ತ ಹೇಳುತ್ತಿದ್ದರು.

ಸುಳ್ಳು ಹೇಳಲಿಕ್ಕೆ ಇನ್ನೊಂದು ಕಾರಣವೂ ಇತ್ತು. ಕೇಶ್ವಾಪುರದಲ್ಲಿ ನನ್ನ ಸೋದರತ್ತೆಯ ಮಗನ ಮನೆ ಇದೆ, ವಿದ್ಯಾನಗರದಲ್ಲಿ ಇವರ ಕಾಕಾನ ಮಗಳ ಮನೆ ಇದೆ. ಎರಡೂ ಕಡೆ ಹಾಸಿಗೆ ಇದೆ, ಹಂಡೆ ತುಂಬ ಬಿಸಿನೀರಿದೆ. "ಮನಿ ಬಿಟ್ಟು ಲಾಡ್ಜಿಗೆ ಹ್ವಾದ್ರಂತ" ಎಂಬ ಮಾತು ಒಮ್ಮೆ ಹೊರಟರೆ ಮೊಮ್ಮಕ್ಕಳ ಕಾಲಕ್ಕೂ ತಣ್ಣಗಾಗುವುದಿಲ್ಲ.

ಖೋಲಿ ಬಗ್ಗೆ ಹೇಳುವಂಥದ್ದೇನಿಲ್ಲ. ಗೋಡೆಗೆ ಹಸಿರು ಬಣ್ಣ, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ನೀರಿನ ಪೈಪು. ಚೀಲ ಇಟ್ಟು ಹೊರಬಿದ್ದೆವು.

ಹುಬ್ಬಳ್ಳಿಗೆ ನಾನು ಎಷ್ಟು ಸಲ ಬಂದಿರಬಹುದು? ಐನೂರು? ಪ್ರತಿ ಸಲವೂ ಕೈಯಲ್ಲೊಂದು ಚೀಟಿ. ಮಿಕ್ಸರಿನ ಜಾರು, ಕಣ್ಣಿನ ಡಾಕ್ಟರು, ನಾದಿನಿಯ ಮದುವೆಗೆ ಜವಳಿ, ಬೆಂಗಳೂರಿನ ರೈಲು. ಚೀಟಿಯ ಕೊನೆಯ ಸಾಲು, ಬರೆಯದಿದ್ದರೂ ಇರುತ್ತಿದ್ದದ್ದು: ಎಂಟೂವರೆಯೊಳಗೆ ಬಸ್ಸು. ಈ ಸಲ ಚೀಟಿ ಇಲ್ಲದೆ ಜವಳಿ ಸಾಲಿಗೆ ಹೋದಾಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಒಂದು ಅಂಗಡಿಯ ಮುಂದೆ ಇಳಕಲ್ ಸೀರೆ ನೋಡುತ್ತ ನಿಂತೆ. ಒಳಗಿನಿಂದ ಮಾಲೀಕರು, "ಬರ್ರಿ ಅಕ್ಕಾರ. ಯಾರ ಮದುವಿಗ್ರಿ?" ಅಂದರು. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಗಾದಿಯ ಮೇಲೆ ಕುಳಿತು ಕಾಲು ತಾಸು ಸೀರೆ ಬಿಚ್ಚಿಸಿದೆವು. ಟೋಪ ತೆನಿ ಸೆರಗಿನ ಒಂದು ಸೀರೆಗೆ ಮನಸ್ಸು ಸಿಕ್ಕಿಹಾಕಿಕೊಂಡಿತು. ತಗೊಳ್ಳಲಿಲ್ಲ. ಇಲ್ಲದ ಮದುವೆಗೆ ಅಷ್ಟು ಖರ್ಚು ಯಾಕೆ?

ಸಂಜೆ ದುರ್ಗದಬೈಲು. ಅಲ್ಲಿಗೆ ಹೋಗುವ ಮುನ್ನವೇ ಎಣ್ಣೆಯ ವಾಸನೆ ನಮ್ಮನ್ನು ಕರೆದೊಯ್ಯುತ್ತದೆ. ಗಿರ್ಮಿಟ್ ಮಾಡುವವನ ಕೈ ನೋಡುತ್ತ ನಿಂತೆ. ಉಳ್ಳಾಗಡ್ಡಿ, ಹುಣಸೆ, ಬೆಲ್ಲ ಬೆಂದ ಒಗ್ಗರಣೆಯನ್ನು ಚುರಮುರಿಗೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಬೋಗುಣಿಯನ್ನೊಮ್ಮೆ ಗಾಳಿಗೆ ಎಸೆದಂತೆ ತಿರುವುತ್ತಾನೆ. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಪಕ್ಕಕ್ಕೆ ಮಿರ್ಚಿ ಭಜಿ. ಚುರಮುರಿ ಮೆತ್ತಗಾಗುವುದರೊಳಗೆ ತಿನ್ನಬೇಕು, ಮಾತಾಡುತ್ತ ನಿಂತರೆ ಕೆಟ್ಟಿತು. ಧಾರವಾಡದಲ್ಲೂ ಗಿರ್ಮಿಟ್ ಸಿಗುತ್ತದೆ, ನಮ್ಮದೇ ಛಲೋ ಎಂದು ನಾನು ಯಾವಾಗಲೂ ವಾದಿಸುತ್ತೇನೆ. ಅವತ್ತು ವಾದಿಸಲಿಲ್ಲ. ಎರಡನೇ ಪ್ಲೇಟ್ ತಗೊಂಡೆ.

ಆಗಲೇ ಇವರು ನನ್ನ ತೋಳು ಹಿಡಿದು ಕುಲ್ಫಿ ಗಾಡಿಯ ಹಿಂದಕ್ಕೆ ಎಳೆದರು. ಎದುರಿಗೆ ವಿದ್ಯಾನಗರದ ಭಾವನವರು! ಒಬ್ಬರೇ. ಡಾಕ್ಟರು ಎಣ್ಣೆ ಪದಾರ್ಥ ಮುಟ್ಟಬೇಡಿ ಅಂದು ಆರು ತಿಂಗಳಾಗಿತ್ತು. ಭಾವನವರು ನಾಲ್ಕು ಮಿರ್ಚಿ ಇದ್ದ ಪೇಪರನ್ನು ಎದೆಗವಚಿಕೊಂಡು, ಆ ಕಡೆ ಈ ಕಡೆ ನೋಡಿ, ಕಂಬದ ಮರೆಗೆ ಸರಿದರು. ಅವರು ಆ ಮರೆಯಲ್ಲಿ, ನಾವು ಈ ಮರೆಯಲ್ಲಿ. ನಮ್ಮನ್ನು ಕಂಡರೋ ಇಲ್ಲವೋ ಗೊತ್ತಿಲ್ಲ. ಇದುವರೆಗೂ ಆ ಮನೆಯಿಂದ ಫೋನು ಬಂದಿಲ್ಲ. ನಾವೂ ಮಾಡಿಲ್ಲ.

ಎಂಟೂವರೆಗೆ ಒಂದು ವಿಚಿತ್ರ ನಡೆಯಿತು. ಕಟ್ಟೆಯ ಮೇಲೆ ಕೂತಿದ್ದ ನಾವಿಬ್ಬರೂ, ಯಾರೂ ಏನೂ ಹೇಳದೆ, ಏಕಕಾಲಕ್ಕೆ ಎದ್ದು ನಿಂತೆವು. ಇವರು ಆಗಲೇ ಚೀಲ ಎಲ್ಲಿ ಎಂದು ನೆಲ ನೋಡುತ್ತಿದ್ದರು. ಆಮೇಲೆ ನೆನಪಾಗಿ ಇಬ್ಬರೂ ಕೂತೆವು. ಕಾಲುಗಳಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ, ಸ್ವಲ್ಪ ಹೊತ್ತು ತಾವಾಗಿಯೇ ಅಲುಗಾಡುತ್ತಿದ್ದವು.

ಒಂಬತ್ತೂವರೆ ದಾಟಿದ ಮೇಲಿನ ಹುಬ್ಬಳ್ಳಿಯ ಪೇಟೆಯನ್ನು ನಾನು ನೋಡಿರಲೇ ಇಲ್ಲ. ಶಟರ್‌ಗಳು ಒಂದಾದಮೇಲೊಂದು ಗಡಗಡ ಇಳಿದವು. ಅಂಗಡಿ ಮುಚ್ಚಿದವರು ಕೀಲಿಕೈಯನ್ನು ಹಣೆಗೆ ಒತ್ತಿಕೊಂಡು ಸ್ಕೂಟರ್ ಹತ್ತಿದರು. ಸ್ವಲ್ಪ ಹೊತ್ತಿಗೆ ರಸ್ತೆಯೇ ಅಗಲವಾದಂತಾಯಿತು. ಹಗಲಿನಲ್ಲಿ ನಮ್ಮ ಕಣ್ಣು ಬೋರ್ಡುಗಳ ಮೇಲೆ, ಬೆಲೆಗಳ ಮೇಲೆ, ಹಾಯ್ದುಹೋಗುವ ಆಟೊಗಳ ಮೇಲೆ. ಈಗ ಶಟರ್ ಬಿದ್ದ ಮೇಲೆ ನೋಡಲಿಕ್ಕೆ ಉಳಿದದ್ದು ಮೇಲಿನ ಅಂತಸ್ತುಗಳು. ಕಟ್ಟಿಗೆಯ ಗ್ಯಾಲರಿ, ಬಣ್ಣ ಹೋದ ಕಂಬ, ಒಂದು ಕಿಟಕಿಯಲ್ಲಿ ಒಣಹಾಕಿದ ದಟ್ಟಿ, ಇನ್ನೊಂದರಲ್ಲಿ ಟೀವಿಯ ನೀಲಿ ಬೆಳಕು. ಅಂಗಡಿಗಳ ನೆತ್ತಿಯ ಮೇಲೆ ಜನ ಸಂಸಾರ ಮಾಡುತ್ತಾರೆ ಎಂಬುದು ಇಷ್ಟು ವರ್ಷ ತಲೆಗೇ ಬಂದಿರಲಿಲ್ಲ. ಮುಚ್ಚಿದ ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಮೂರು ಆಕಳು ಮಾಲೀಕರಂತೆ ಕೂತು ಮೆಲುಕು ಹಾಕುತ್ತಿದ್ದವು. ಸಾವಜಿ ಖಾನಾವಳಿಯೊಂದರಿಂದ ಮಸಾಲೆಯ ಘಾಟು ಬಂದು ಇಬ್ಬರೂ ಸೀನಿದೆವು. ನಾವು ಸಸ್ಯಾಹಾರಿಗಳು. ಆದರೆ ಇವರು ಸೀನಿದ ಮೇಲೂ ಎರಡು ಕ್ಷಣ ಅಲ್ಲೇ ನಿಂತದ್ದನ್ನು ಗಮನಿಸಿದೆ. "ಹಾಸ್ಟೆಲ್‌ನ್ಯಾಗ ಇದ್ದಾಗ ಒಮ್ಮೆ..." ಅಂತ ಶುರು ಮಾಡಿ ನಿಲ್ಲಿಸಿದರು. ಇಪ್ಪತ್ತೆರಡು ವರ್ಷ ಮುಚ್ಚಿಟ್ಟದ್ದು! ನಾನು ಮುಂದೆ ಕೇಳಲಿಲ್ಲ, ಕೇಳದಿದ್ದರೇ ಅವರಿಗೆ ಹೆಚ್ಚು ಕಷ್ಟ.

ರಾತ್ರಿ ಸೊಳ್ಳೆ. ಐದಕ್ಕೆ ಆಜಾನ್, ಅದರ ಹಿಂದೆಯೇ ಗುಡಿಯ ಗಂಟೆ, ಅದರ ಹಿಂದೆ ಹಾಲಿನ ಗಾಡಿಯ ಕ್ರೇಟುಗಳು. ಹೇಗೂ ಎದ್ದಿದ್ದೇವೆ, ಸ್ಟೇಶನ್ನಿಗೆ ನಡಿ ಅಂದರು ಇವರು.

"ಯಾವ ಗಾಡಿಗೆ?"

"ಗಾಡಿಗಲ್ಲ. ಪ್ಲಾಟ್‌ಫಾರ್ಮಿಗೆ."

ಹುಬ್ಬಳ್ಳಿಯ ಎಂಟನೇ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ. ಜಗತ್ತಿನಲ್ಲೇ ಅತಿ ಉದ್ದವಾದದ್ದೆಂದು ಗಿನ್ನೆಸ್‌ನವರು ಬರೆದುಕೊಂಡಿದ್ದಾರೆ. ಮೊದಲು ಆ ಹೆಸರು ಗೋರಖಪುರದ್ದಾಗಿತ್ತು, ಅದು 1,366 ಮೀಟರ್. 2023ರ ಮಾರ್ಚಿನಲ್ಲಿ ಪ್ರಧಾನಿ ಇದನ್ನು ಉದ್ಘಾಟಿಸಿದಾಗ ಹುಬ್ಬಳ್ಳಿಯವರ ಮೀಸೆ ಎಷ್ಟು ಮೇಲೇರಿತ್ತೆಂದರೆ, ಧಾರವಾಡದಲ್ಲಿ ನಾವು, ಅಷ್ಟುದ್ದ ನಡೆದು ಗಾಡಿ ತಪ್ಪಿಸಿಕೊಳ್ಳಲಿಕ್ಕೇನು ಎಂದು ಹೊಟ್ಟೆಕಿಚ್ಚಿನ ಮಾತಾಡಿದ್ದೆವು. ತಲಾ ಹತ್ತು ರೂಪಾಯಿಯ ಎರಡು ಟಿಕೆಟು ಕೊಂಡು, ಆ ತುದಿಯಿಂದ ಈ ತುದಿ ನಡೆಯಲು ಹೊರಟೆವು.

ಮೊದಲರ್ಧ ಸ್ಟೇಶನ್ನಿನ ಹಾಗೇ ಇತ್ತು: ಚಹಾ, ಕಂಬಳಿ ಹೊದ್ದು ಮಲಗಿದವರು, ಗಂಟುಮೂಟೆ. ನಡೆದಂತೆ ಜನ ಕರಗಿದರು. ಒಂದು ರೈಲಿನ ಉದ್ದ ಮುಗಿದರೂ ಪ್ಲಾಟ್‌ಫಾರ್ಮು ಮುಗಿಯಲಿಲ್ಲ. ಎರಡು ಗಾಡಿ ಹಿಂದು ಮುಂದು ನಿಂತು, ಒಂದೇ ಪ್ಲಾಟ್‌ಫಾರ್ಮಿನಿಂದ ಎರಡು ದಿಕ್ಕಿಗೆ ಹೊರಡಬಹುದಂತೆ. ಕೊನೆಕೊನೆಗೆ ನಾವು, ಹಳಿ, ಒಂದು ನಾಯಿ, ಅಷ್ಟೇ.

ಅಲ್ಲಿ ಇವರು ತಮ್ಮಪ್ಪನ ಮಾತು ತೆಗೆದರು. ನಮ್ಮ ಮಾವನವರು ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಮೀಟರ್ ಗೇಜ್ ಕಾಲ. ಮೂವತ್ತೊಂದು ವರ್ಷ ದಿನಾ ಮುಂಜಾನೆ ಧಾರವಾಡದಿಂದ ರೈಲು, ಸಂಜೆ ವಾಪಸ್ಸು, ಕೈಯಲ್ಲಿ ರೊಟ್ಟಿ ಕಟ್ಟಿದ ಅರಿವೆ. "ರಿಟೈರ್ ಆದಮ್ಯಾಲ ಒಮ್ಮೆ ಕೇಳಿದ್ದೆ, ಅಪ್ಪಾ ಹುಬ್ಬಳ್ಳ್ಯಾಗ ನೋಡೂವಂಥಾದ್ದು ಏನೈತಿ ಅಂತ. 'ನಂಗೇನ್ ಗೊತ್ತೋ. ಸ್ಟೇಶನ್ನಿಂದ ಗೇಟಿನ ತನ ನೋಡೇನಿ' ಅಂದ್ರು." ಇಷ್ಟು ಹೇಳಿ ಇವರು ಸುಮ್ಮನೆ ನಡೆದರು. ನನಗೆ ಮಾತು ಬದಲಿಸಬೇಕೆನಿಸಿ ಗಂಗೂಬಾಯಿ ಹಾನಗಲ್ಲರ ಸುದ್ದಿ ತೆಗೆದೆ. 1913ರಲ್ಲಿ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಬಾಳಿ ಹಾಡಿದ್ದು ಹುಬ್ಬಳ್ಳಿಯಲ್ಲಿ. ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆಂದು ಇಲ್ಲಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. "ಅವರಿಗೂ ವಾಪಸ್ ಗಾಡಿ ಹಿಡೀಬೇಕಿತ್ತಲ್ಲ, ರಾಗದ ನಡುವೆ ಗಡಿಯಾರ ನೋಡ್ತಿದ್ರೇನು?" ಅಂದರು ಇವರು. ನನಗೇನು ಗೊತ್ತು?

ತಿರುಗಿ ಬರುವಾಗ ಟಿಸಿ ಒಬ್ಬರು ತಡೆದರು. "ಯಾವ ಗಾಡೀರಿ?"

ಮತ್ತೆ ಮದುವೆ ಹೇಳುತ್ತಾರೆಂದು ನಾನು ಕಾದೆ. "ಯಾವುದೂ ಇಲ್ರಿ. ಸುಮ್ನ ಬಂದೇವಿ" ಅಂದರು.

ಟಿಸಿ ಟಿಕೆಟು ನೋಡಿದರು, ನಮ್ಮ ಚಪ್ಪಲಿ ನೋಡಿದರು. "ತುದೀ ತನ ಹೋಗಿದ್ರ? ನಾ ಇನ್ನೂ ಒಮ್ಮೆನೂ ಹೋಗಿಲ್ಲ ನೋಡ್ರಿ" ಎಂದು ನಕ್ಕು ಬಿಟ್ಟರು.

ರೈಲ್ವೆ ಮ್ಯೂಸಿಯಂನ ಬಾಗಿಲು ಇನ್ನೂ ತೆರೆದಿರಲಿಲ್ಲ. ಉಪ್ಪಿಟ್ಟು ತಿಂದು, ಹತ್ತು ಗಂಟೆಗೆ ಖೋಲಿ ಖಾಲಿ ಮಾಡಲು ಬಂದೆವು. ಮ್ಯಾನೇಜರ್ ಕೀಲಿಕೈ ಇಸಿದುಕೊಳ್ಳುತ್ತ, "ಇಷ್ಟ್ ಲಗೂ ಮುಗೀತ್ರಿ? ಮದುವಿ ಹೆಂಗಾತು?" ಅಂದ.

"ಛಲೋ ಆತ್ರಿ" ಅಂದರು ಇವರು, ಒಂದಿಷ್ಟೂ ತಡವರಿಸದೆ. "ಊಟಾ ಭಾರಿ ಇತ್ತು."

ಚಿಗರಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ಉಣಕಲ್ ದಾಟುವಷ್ಟರಲ್ಲಿ ಇವರು ನಿದ್ದೆಹೋಗಿದ್ದರು. ನವನಗರದಲ್ಲಿ ನನ್ನ ಫೋನು ಅಲುಗಿತು, ಕೇಶ್ವಾಪುರದಿಂದ. ಎತ್ತಲಿಲ್ಲ. ಜುಬಿಲಿ ಸರ್ಕಲ್ಲಿನಲ್ಲಿ ಇಳಿದು ಮಾತಾಡಿದರಾಯಿತು, ಅಲ್ಲಿಂದಾದರೆ ಧಾರವಾಡದಲ್ಲಿದ್ದೇನೆ ಅನ್ನಬಹುದು.