ಆಷಾಢದ ಭಾನುವಾರ, ಅರ್ಧ ಕೆಜಿ ನೇರಳೆ

ಗಾಂಧಿ ಬಜಾರಿಗೆ ನೇರಳೆ ಹಣ್ಣಿನ ಗಾಡಿ ಬಂದರೆ ಅದು ನಿಲ್ಲುವುದು ಹೆಚ್ಚೆಂದರೆ ಒಂದೂವರೆ ತಿಂಗಳು. ಜೂನ್‌ನಲ್ಲಿ ಕಾಣಿಸಿಕೊಂಡ ಹಣ್ಣು ಜುಲೈ ಮುಗಿಯುವ ಹೊತ್ತಿಗೆ ಮಾಯ. ಅಷ್ಟು ದಿನ ನನಗೆ ಬೇರೆ ಹಣ್ಣು ಬೇಡ. ಕಳೆದ ಆಷಾಢದ ಒಂದು ಭಾನುವಾರ ಜಿಟಿಜಿಟಿ ಮಳೆಯಲ್ಲೇ ಹೋಗಿ ಅರ್ಧ ಕೆಜಿ ಜಂಬು ನೇರಳೆ ಕೊಂಡೆ. ಗಾಡಿಯವರು ರೂಢಿಯಂತೆ ಉಪ್ಪಿನ ಡಬ್ಬಿಗೆ ಕೈ ಹಾಕಿದರು. “ಉಪ್ಪು ಬೇಡಣ್ಣ, ಇದು ಮಫಿನ್‌ಗೆ” ಎಂದು ತಡೆದೆ.

ತೀರ್ಥಹಳ್ಳಿಯಿಂದ ದೊಡ್ಡಮ್ಮ ಬಂದಿದ್ದರು. ಎಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಬೇಕರಿಯ ಕೇಕು ತಿಂದವರಲ್ಲ. ಬೆಂಗಳೂರಿನಲ್ಲಿ ಮೊಟ್ಟೆಯಿಲ್ಲದ ಕೇಕು ಹೊಸದೇನೂ ಅಲ್ಲ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಬೀದಿ ಬೀದಿಯಲ್ಲಿ ಬೇಕರಿ ತೆರೆದು ಈ ಊರಿಗೆ ಅದರ ರುಚಿ ಹಿಡಿಸಿ ಎಷ್ಟೋ ಕಾಲವಾಯಿತು. ಆದರೂ ದೊಡ್ಡಮ್ಮನಿಗೆ ಹೊರಗಿನದೆಂದರೆ ಅನುಮಾನ. “ನೀನು ಮನೆಯಲ್ಲಿ ಮಾಡಿದರೆ ತಿನ್ನುತ್ತೇನೆ” ಎಂದಿದ್ದರು. ಅವರಿಗೆ ಗೊತ್ತಿರುವ ಹಣ್ಣನ್ನೇ ಹಾಕಿ ಮಾಡಬೇಕೆಂದು ನನಗೆ ಆಸೆ.

ಕಾಫಿ ಅಂಗಡಿಗಳಲ್ಲಿ ಮಫಿನ್ ಎಂದರೆ ಬ್ಲೂಬೆರಿ. ಅದು ಒಳ್ಳೆಯ ಹಣ್ಣೇ ಇರಬಹುದು, ನಮ್ಮ ನೇರಳೆಯ ಒಗರು ಅದಕ್ಕಿಲ್ಲ. ಆಯಾ ಕಾಲದ ಹಣ್ಣು ಹಾಕಿ ಮಾಡುವುದು ನನಗೆ ಮೊದಲಿನಿಂದ ಅಭ್ಯಾಸ. ಬೇಸಿಗೆಯಲ್ಲಿ ಬಾದಾಮಿ ಮಾವು ಚೆನ್ನಾಗಿ ಒದಗುತ್ತದೆ, ಅದರ ತಿರುಳು ಗಟ್ಟಿ. ರಸಪುರಿಯಾದರೆ ರಸ ಹೆಚ್ಚು, ಹಾಲನ್ನು ಕಡಿಮೆ ಮಾಡಬೇಕು. ಹಲಸಿನ ತೊಳೆಯನ್ನು ಸಣ್ಣಗೆ ಹೆಚ್ಚಿ ಬೆಲ್ಲದೊಂದಿಗೆ ಹಾಕಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಸೀತಾಫಲ ಮಾತ್ರ ಒಲೆಗೆ ಆಗದು, ಕಾದರೆ ತಿರುಳು ಕಹಿಯಾಗುತ್ತದೆ. ನೇರಳೆಯನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ, ಬೀಜ ಬಿಡಿಸುವ ಕೆಲಸಕ್ಕೆ ಹೆದರಿ.

ಆ ಕೆಲಸ ನಿಜಕ್ಕೂ ದೊಡ್ಡದು. ಹಣ್ಣನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಚಾಕುವಿನ ತುದಿಯನ್ನು ಬೀಜ ತಗಲುವವರೆಗೆ ಇಳಿಸಿ, ಉದ್ದಕ್ಕೆ ಸುತ್ತ ಎಳೆಯಬೇಕು. ಚೆನ್ನಾಗಿ ಕಳಿತಿದ್ದರೆ ತಿರುಳು ಕೈಯಲ್ಲೇ ಕರಗುತ್ತದೆ, ಕಳಿಯದಿದ್ದರೆ ಬೀಜವನ್ನು ಬಿಡುವುದೇ ಇಲ್ಲ. ಮುಕ್ಕಾಲು ಗಂಟೆ ಕೂತಿದ್ದಕ್ಕೆ ದೊಡ್ಡ ಲೋಟ ತುಂಬ ತಿರುಳು ಸಿಕ್ಕಿತು. ಉಗುರಿನ ಸಂದಿಯೆಲ್ಲ ಕಡುನೇರಳೆ.

ಅರ್ಧವನ್ನು ಮೊದಲ ಸಲಕ್ಕೆ ಎತ್ತಿಕೊಂಡೆ. ಮೊಟ್ಟೆಯಿಲ್ಲದ ಹಿಟ್ಟು ಉಬ್ಬುವುದೋ ಇಲ್ಲವೋ ಎಂಬ ಚಿಂತೆ ನನಗೆ ಯಾವಾಗಲೂ ಇದ್ದದ್ದೇ. ಕೇಕನ್ನು ಹಿಡಿದು ನಿಲ್ಲಿಸುವುದು, ಹಗುರ ಮಾಡುವುದು ಎರಡೂ ಮೊಟ್ಟೆಯ ಕೆಲಸ. ಅದಿಲ್ಲವಲ್ಲ ಎಂದು ಮೈದಾಕ್ಕೆ ಅಡುಗೆ ಸೋಡಾವನ್ನು ಧಾರಾಳವಾಗಿಯೇ ಹಾಕಿದೆ. ಹಾಲು ಹೆಚ್ಚು, ಮೊಸರು ನಾಲ್ಕೇ ಚಮಚ. ಓವನ್ನಿನಲ್ಲಿ ಅವು ಉಬ್ಬಿದ್ದೇನೋ ಉಬ್ಬಿದವು. ಹೊರಗೆ ತೆಗೆದು ಒಂದನ್ನು ಮುರಿದರೆ ಎದೆ ಧಸಕ್ಕೆಂದಿತು. ಹಣ್ಣಿನ ಪ್ರತಿ ಚೂರಿನ ಸುತ್ತ ನೀಲಿ ಬೆರೆತ ಹಸಿರು ಉಂಗುರ, ಬೂಸಲು ಹಿಡಿದ ರೊಟ್ಟಿಯ ಹಾಗೆ. ಬಾಯಿಗಿಟ್ಟರೆ ಸಾಬೂನಿನ ವಾಸನೆ. ಹಣ್ಣು ಕೆಟ್ಟಿತ್ತೇ, ತಟ್ಟೆಯ ಲೋಹ ತಗುಲಿತೇ ಎಂದು ಏನೇನೋ ಯೋಚಿಸುತ್ತ ನಿಂತಿದ್ದೆ.

ದೊಡ್ಡಮ್ಮ ಅಡುಗೆಮನೆಗೆ ಬಂದು ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು.

“ಇದಕ್ಕೆ ಸೋಡಾ ಹಾಕಿದ್ದೀಯಾ?”

“ಹೌದು ದೊಡ್ಡಮ್ಮ, ಉಬ್ಬಬೇಕಲ್ಲ.”

“ನೇರಳೆ ಕಲೆಯಾದ ಬಟ್ಟೆಗೆ ಸಾಬೂನು ಹಚ್ಚಿದರೆ ಕಲೆ ನೀಲಿಗೆ ತಿರುಗುತ್ತದೆ. ನಿಂಬೆಹಣ್ಣು ಉಜ್ಜಿದರೆ ಕೆಂಪಾಗುತ್ತದೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಕೆಂಪಾಗುವುದಿಲ್ಲವೇ? ಇದೂ ಹಾಗೆಯೇ. ಸೋಡಾ ಕಡಿಮೆ ಮಾಡಿ ಹುಳಿ ಹಾಕು.”

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಹಣ್ಣಿಗೆ ನೇರಳೆ ಬಣ್ಣ ಕೊಡುವ ಆಂಥೋಸಯನಿನ್ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ, ಹಸಿರು ಎಂಬುದನ್ನು ಪರೀಕ್ಷೆಯಲ್ಲಿ ಬರೆದಿದ್ದೇನೆ. ದೊಡ್ಡಮ್ಮ ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮುಂದೆ, ಆರತಿ ತಟ್ಟೆಯ ಮುಂದೆ ಕಂಡಿದ್ದರು. ಅವರಿಗೆ ಥಟ್ಟನೆ ಹೊಳೆಯಿತು, ನನಗೆ ಹೊಳೆಯಲಿಲ್ಲ. ಆ ಕ್ಷಣ ಅವರ ಮೇಲೆ ಉಕ್ಕಿದ ಗೌರವವನ್ನು ಹೇಗೆ ಹೇಳುವುದೋ ತಿಳಿಯದೆ ಅವರ ಕೈಯನ್ನೇ ಹಿಡಿದುಕೊಂಡೆ.

ಮಧ್ಯಾಹ್ನದ ಊಟವಾದ ಮೇಲೆ ಎರಡನೆಯ ಸಲ ಕೂತೆವು. ಉಳಿದ ತಿರುಳಿಗೆ ಅರ್ಧ ನಿಂಬೆಹಣ್ಣು ಹಿಂಡಿದ್ದೇ ತಡ, ಕಪ್ಪುನೇರಳೆ ಇದ್ದದ್ದು ಕಣ್ಣೆದುರೇ ದಾಸವಾಳದ ಕೆಂಪಿಗೆ ಬಂತು. “ನೋಡಿದೆಯಾ” ಎಂದರು ದೊಡ್ಡಮ್ಮ. ಎರಡು ಕಪ್ ಮೈದಾಕ್ಕೆ ಅರ್ಧ ಟೀ ಚಮಚ ಸೋಡಾ, ಒಂದು ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ ಜರಡಿ ಹಿಡಿದೆ. ಹಿಂದಿನ ದಿನದ ಹುಳಿ ಮೊಸರು ಒಂದು ಕಪ್, ಎಣ್ಣೆ ಅರ್ಧ ಕಪ್, ಸಕ್ಕರೆ ಮುಕ್ಕಾಲು ಕಪ್, ಹಾಲು ಕಾಲು ಕಪ್. ಮೊಸರಿನ ಹುಳಿಯೂ ಸೋಡಾವೂ ಸೇರಿದಾಗ ಏಳುವ ಗುಳ್ಳೆಗಳೇ ಮೊಟ್ಟೆಯ ಬದಲಿಗೆ ಹಿಟ್ಟನ್ನು ಎತ್ತುತ್ತವೆ. ಅದಕ್ಕೇ ಹೆಚ್ಚು ಹೊತ್ತು ಕಾಯಬಾರದು. ಜಾಸ್ತಿ ಕಲಸಲೂಬಾರದು, ಮೈದಾ ಜಿಗುಟಾಗಿ ಮಫಿನ್ ರಬ್ಬರಿನಂತಾಗುತ್ತದೆ. ಒಣ ಹಿಟ್ಟು ಮರೆಯಾದ ಕೂಡಲೇ ಸೌಟನ್ನು ಬದಿಗಿಟ್ಟುಬಿಡಬೇಕು, ಗಂಟುಗಳು ಉಳಿದಿದ್ದರೂ ಚಿಂತೆಯಿಲ್ಲ. ತಿರುಳನ್ನು ಚೂರು ಮೈದಾದಲ್ಲಿ ಹೊರಳಿಸಿ ಕೊನೆಗೆ ಸೇರಿಸಿದೆ, ತಳಕ್ಕೆ ಇಳಿಯದಿರಲೆಂದು.

180 ಡಿಗ್ರಿಯಲ್ಲಿ 22 ನಿಮಿಷ. ದೊಡ್ಡಮ್ಮ ಓವನ್ನಿನ ಗಾಜಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಮಧ್ಯೆ ಒಮ್ಮೆ ಕರೆಂಟು ಹೋಗಿ ಎರಡು ನಿಮಿಷದಲ್ಲಿ ಬಂತು, ನಾವಿಬ್ಬರೂ ಮಾತಾಡಲಿಲ್ಲ.

ಹನ್ನೆರಡೂ ಚೆನ್ನಾಗಿ ಬಂದಿದ್ದವು. ಮೇಲೆ ಹೊಂಬಣ್ಣ, ಮುರಿದರೆ ಒಳಗೆ ಕೆಂಪುನೇರಳೆಯ ಕಣ್ಣುಗಳು, ಅಲ್ಲಲ್ಲಿ ರಸ ಹರಿದ ಗೆರೆ. ದೊಡ್ಡಮ್ಮ ಕಾಗದ ಸುಲಿದು ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು.

“ಒಗರು ಉಳಿದಿದೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಉಪ್ಪು ತಾ” ಎಂದರು.

ತಂದುಕೊಟ್ಟೆ. ಎರಡು ಬೆರಳಿನಲ್ಲಿ ಹತ್ತು ಕಾಳಾದೀತು, ಅಷ್ಟೇ ಪುಡಿ ಉಪ್ಪನ್ನು ಹಣ್ಣು ಕಾಣುತ್ತಿದ್ದ ಕಡೆ ಉದುರಿಸಿ ನನ್ನ ಬಾಯಿಗೊಂದು ಚೂರು ಹಾಕಿದರು. ಬೆಳಿಗ್ಗೆ ಗಾಡಿಯವರು ಕೊಡಬಂದಿದ್ದು ಅದನ್ನೇ. ಉಪ್ಪು ತಗುಲಿದ್ದೇ ನೇರಳೆ ಎದ್ದು ಬಂತು, ಶಾಲೆಯ ಗೇಟಿನ ಹೊರಗೆ ಕಾಗದದ ಪೊಟ್ಟಣದಲ್ಲಿ ತಿನ್ನುತ್ತಿದ್ದ ಅದೇ ನೇರಳೆ. ನಾನು ಡಬ್ಬಿಯನ್ನು ಮೇಜಿನ ಮೇಲೆಯೇ ಬಿಟ್ಟೆ. ದೊಡ್ಡಮ್ಮ ಎರಡನೆಯದರ ಕಾಗದ ಸುಲಿಯತೊಡಗಿದ್ದರು.