ಕಾಲರಾಗೆ ಡ್ರಿಪ್ ಬೇಡವೇ, ಓಆರ್‌ಎಸ್ ಸಾಕೇ?

ಗಡಿ ದಾಟಿ ಬಂದ ನಿರಾಶ್ರಿತರ ಶಿಬಿರಗಳ ಮಾತು ಬಂದಾಗಲೆಲ್ಲ ನಮ್ಮನ್ನು ಕೇಳುತ್ತಾರೆ: ಅಲ್ಲಿ ಕಾಲರಾ ಬಂದರೆ ಡ್ರಿಪ್ ಹಾಕದೆ ಬರೀ ಓಆರ್‌ಎಸ್ (ಸಕ್ಕರೆ, ಲವಣ ಅಳತೆಯಲ್ಲಿ ಕಲಸಿದ ನೀರು) ಕುಡಿಸಿದರೆ ಬದುಕುತ್ತಾರಾ?

ಬಹುಪಾಲು ಜನ ಬದುಕುತ್ತಾರೆ. ಇದು ದೊಡ್ಡ ಪ್ರಮಾಣದಲ್ಲಿ ಸಾಬೀತಾಗಿದ್ದೇ ಅಂಥ ಒಂದು ಗಡಿಯಲ್ಲಿ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆ ಮಲಗಿದ್ದರು, ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಅವರ ತಂಡ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿ, ನಲ್ಲಿ ಇರುವ ಡ್ರಮ್‌ಗಳಲ್ಲಿ ಕಲಸಿಟ್ಟಿತು. ಕುಡಿಸಿದವರು ರೋಗಿಗಳ ಮನೆಯವರೇ. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ಮಹಲನಬಿಸ್ ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ. ಬಹಳ ತಡವಾಯಿತು.

ಕಾಲರಾದಲ್ಲಿ ಕರುಳು ನೀರನ್ನು ಹೊರಗೆ ಸುರಿಯುತ್ತಿದ್ದರೂ ಗ್ಲೂಕೋಸ್ ಜೊತೆಗೆ ಸೋಡಿಯಂ ಹೀರುವ ದಾರಿ ಮುಚ್ಚಿರುವುದಿಲ್ಲ. ಅವೆರಡರ ಹಿಂದೆ ನೀರೂ ಒಳಗೆ ಹೋಗುತ್ತದೆ. ಆದ್ದರಿಂದಲೇ ಅಳತೆ ಮುಖ್ಯ. ಸಕ್ಕರೆ ಹೆಚ್ಚಾದರೆ ಭೇದಿ ಜೋರಾಗುತ್ತದೆ, ಉಪ್ಪು ಹೆಚ್ಚಾದರೆ ಮಗುವಿಗೆ ಫಿಟ್ಸ್ ಬರಬಹುದು. ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿಯುವುದು ಎಲ್ಲ ಕಡೆ ಆಗುವ ತಪ್ಪು. ನಮ್ಮೂರ ಮೆಡಿಕಲ್ ಶಾಪಿನಲ್ಲಿ 200 ಮಿ.ಲೀ.ಗೆ ಕಲಸುವ ಚಿಕ್ಕ ಪೊಟ್ಟಣವೂ ಸಿಗುತ್ತದೆ, ಹಾಗಾಗಿ ಪೊಟ್ಟಣದ ಮೇಲೆ ಬರೆದದ್ದನ್ನು ಓದಿಯೇ ಕಲಸಿ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಬೇಕು.

ನಿರ್ಜಲೀಕರಣ (ಮೈಯ ನೀರು ಕಡಿಮೆಯಾಗುವುದು) ಮಧ್ಯಮ ಮಟ್ಟದ್ದಾದರೆ ಪ್ರತಿ ಕೆ.ಜಿ. ತೂಕಕ್ಕೆ 75 ಮಿ.ಲೀ. ಓಆರ್‌ಎಸ್, ನಾಲ್ಕು ಗಂಟೆಯೊಳಗೆ. ಮಗು ವಾಂತಿ ಮಾಡಿತೆಂದು ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮೆಲ್ಲಗೆ ಕೊಡಿ. ಎದೆಹಾಲೂ ಮುಂದುವರಿಯಲಿ.

ಡ್ರಿಪ್ ಬೇಕೇಬೇಕಾದವರೂ ಇದ್ದಾರೆ: ಎಚ್ಚರ ತಪ್ಪಿದವರು, ಕುಡಿಯಲಾಗದವರು, ನಾಡಿ ಸಿಗದವರು. ದೊಡ್ಡವರಿಗೆ ರಿಂಗರ್ ಲ್ಯಾಕ್ಟೇಟ್ (ಡ್ರಿಪ್‌ನಲ್ಲಿ ಕೊಡುವ ಲವಣದ ದ್ರಾವಣ) ಕೆ.ಜಿ.ಗೆ 30 ಮಿ.ಲೀ. ಮೊದಲ ಅರ್ಧ ಗಂಟೆಯಲ್ಲಿ, 70 ಮಿ.ಲೀ. ಮುಂದಿನ ಎರಡೂವರೆ ಗಂಟೆಯಲ್ಲಿ. ಕುಡಿಯಬಲ್ಲವರಿಗೆಲ್ಲ ಓಆರ್‌ಎಸ್ ಕೊಟ್ಟರೆ ಮಾತ್ರ ಇವರ ಪಾಲಿಗೆ ಬಾಟಲಿ ಉಳಿಯುತ್ತದೆ.