ಅದು ನಾಯಿಯಲ್ಲ, ದಯವಿಟ್ಟು ಮುಂದೆ ಹೋಗಿ

ನಾನು ಮಾರ್ಗದರ್ಶಿಯಾಗಿರುವ ಇಂಗ್ಲೆಂಡಿನ ಗ್ಯಾಲರಿಯಲ್ಲಿ ಬ್ರಿಟಿಷ್ ಶಿಲ್ಪಿ ಲಿನ್ ಚಾಡ್ವಿಕ್ ಮಾಡಿದ ಕಂಚಿನ ಪ್ರಾಣಿಯೊಂದಿದೆ. ಗೇಣುದ್ದದ್ದು. ಚೂಪು ಕಾಲು, ಮೂಲೆಮೂಲೆಯಾದ ಮೈ, ಕಣ್ಣು ಮೂಗು ಇಲ್ಲದ ತಲೆ. ಬಂದವರೆಲ್ಲರ ಪ್ರಶ್ನೆ ಒಂದೇ: "ನಿಜ ಹೇಳಿ, ಇದು ಯಾವ ಪ್ರಾಣಿ?"

ನನ್ನ ಪಿತ್ತ ಕೆರಳಿಸುವುದು ಆ "ನಿಜ ಹೇಳಿ". ಹೆಸರನ್ನು ಕಿಸೆಯಲ್ಲಿ ಬಚ್ಚಿಟ್ಟುಕೊಂಡು ನಾನೇನು ನಿಮ್ಮನ್ನು ಸತಾಯಿಸುತ್ತಿದ್ದೇನೆಯೇ? 1950ರ ದಶಕದಲ್ಲಿ ಚಾಡ್ವಿಕ್ ಇಂಥವನ್ನು ಸಾಲುಸಾಲಾಗಿ ಮಾಡಿದ. ಹಲವಕ್ಕೆ ಬರೀ "ಪ್ರಾಣಿ" ಎಂದು ಹೆಸರಿಟ್ಟು, ಮುಂದೊಂದು ರೋಮನ್ ಅಂಕಿ ಹಾಕಿ ಕೈತೊಳೆದುಕೊಂಡ. ಫಲಕದಲ್ಲೂ ಅಷ್ಟೇ ಇದೆ. ಫಲಕ ಓದುವವರು ಯಾರು?

ಒಮ್ಮೆ ಗಂಡ ಹೆಂಡತಿ ಇದರ ಮುಂದೆಯೇ ಪಂದ್ಯ ಕಟ್ಟಿಕೊಂಡರು. ಆತನ ಪ್ರಕಾರ ನಾಯಿ, ಆಕೆಯ ಪ್ರಕಾರ ಗೂಳಿ. ಸೋತವರು ಕಾಫಿ ಕೊಡಿಸಬೇಕು. ತೀರ್ಪು ನನ್ನದಂತೆ. ಎರಡೂ ಅಲ್ಲ ಎಂದೆ. ಆತ ಮುಖ ಸಿಂಡರಿಸಿ, "ಹಾಗಾದರೆ ಮಾಡಿದವನಿಗೇ ಗೊತ್ತಿರಲಿಲ್ಲ ಎನ್ನಿ" ಎಂದ. ಮೂದಲಿಸಲು ಆಡಿದ ಮಾತು ನಿಜಕ್ಕೆ ಅಷ್ಟು ಹತ್ತಿರ ಹೋಗಿಬಿಟ್ಟಿತಲ್ಲ ಎಂದು ನನಗಿನ್ನೂ ಹೊಟ್ಟೆಯುರಿ. ಚಾಡ್ವಿಕ್ ಯಾವುದೋ ಪ್ರಾಣಿಯನ್ನು ಎದುರಿಗಿಟ್ಟುಕೊಂಡು ಕೂತವನಲ್ಲ. ಕಬ್ಬಿಣದ ಸಲಾಕೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆಯುತ್ತಾ ಹೋಗುತ್ತಿದ್ದ. ಜೀವಿ ಆಮೇಲೆ ಬಂದು ಸೇರಿಕೊಳ್ಳುತ್ತಿತ್ತು.

ಮೈಮೇಲಿನ ಆ ಏಣುಗಳು ಏಕೆ ಎಂದು ಯಾರಾದರೂ ಕೇಳಬಾರದೇ? ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಈತ ಕಲಾಶಾಲೆಯ ಮೆಟ್ಟಿಲು ಹತ್ತಿದವನಲ್ಲ. ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ, ಯುದ್ಧಕಾಲದಲ್ಲಿ ನೌಕಾಪಡೆಯ ವಿಮಾನ ಹಾರಿಸಿದ, 1950ರಲ್ಲಿ ಹೋಗಿ ವೆಲ್ಡಿಂಗ್ ಕಲಿತ. ಹಾಗಾಗಿ ಅವನಿಗೆ ಮೊದಲು ಅಸ್ಥಿಪಂಜರ, ಆಮೇಲೆ ಚರ್ಮ. ಸಲಾಕೆಗಳ ನಡುವಿನ ಸಂದುಗಳಿಗೆ ಸ್ಟೊಲಿಟ್ ತುಂಬುತ್ತಿದ್ದ. ಅದು ಜಿಪ್ಸಮ್ ಮತ್ತು ಕಬ್ಬಿಣದ ಪುಡಿಯ ಮಿಶ್ರಣ. ಹಸಿಯಾಗಿದ್ದಾಗ ಮೆತ್ತಬಹುದು, ಒಣಗಿದರೆ ಕಲ್ಲು. ಸಲಾಕೆಗಳು ಮಾತ್ರ ಏಣುಗಳಾಗಿ ಹೊರಗೇ ಉಳಿಯುತ್ತಿದ್ದವು. ಅದರ ಅಚ್ಚು ತೆಗೆದು ಕಂಚು ಎರೆದರೆ ಏಣುಗಳೂ ಜೊತೆಗೆ ಬರುತ್ತವೆ. ಕಂಚಿನಲ್ಲಿ ಅವು ಯಾವ ಭಾರವನ್ನೂ ಹೊರಬೇಕಿಲ್ಲ, ಒಳಗೆ ಸಲಾಕೆಯೇ ಇಲ್ಲ. ಆದರೆ ಅವನ್ನು ಉಜ್ಜಿ ನಯಮಾಡಿ ನೋಡಿ, ಪ್ರಾಣಿ ಬೆಲ್ಲದ ಉಂಡೆಯಾಗಿಬಿಡುತ್ತದೆ. ಏನೋ ಸದ್ದು ಕೇಳಿಸಿಕೊಂಡಂತೆ ಅದು ಮೈ ಬಿಗಿಹಿಡಿದು ನಿಂತಿರುವುದು ಆ ಏಣುಗಳ ಬಲದಿಂದಲೇ.

ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನ ವೆನಿಸ್ ಬಿನಾಲೆ. 1956ರಲ್ಲಿ ಅಲ್ಲಿ ಶಿಲ್ಪದ ಅಂತರರಾಷ್ಟ್ರೀಯ ಪ್ರಶಸ್ತಿ ಹೆಸರಾಂತ ಸ್ವಿಸ್ ಶಿಲ್ಪಿ ಜಾಕೊಮೆಟ್ಟಿಗೇ ಎಂದುಕೊಂಡಿದ್ದವರು ಬಹಳ. ಬಂದದ್ದು ಚಾಡ್ವಿಕ್‌ಗೆ. (ಅಲ್ಲಿಯೂ ಯಾರೋ ನಾಯಿಯೇ ಎಂದು ಕೇಳಿರುತ್ತಾರೆ, ಬಿಡಿ.) ಎರಕವನ್ನೂ ಆತ ಕೊನೆಗೆ ಪರರ ಕೈಗೆ ಪೂರ್ತಿ ಬಿಡಲಿಲ್ಲ. 1971ರಲ್ಲಿ ಗ್ಲಾಸ್ಟರ್‌ಷೈರ್‌ನ ಲಿಪಿಯಟ್‌ನಲ್ಲಿ, ತಾನಿದ್ದ ಜಾಗದಲ್ಲೇ, ಸ್ವಂತ ಫೌಂಡ್ರಿ ಹಾಕಿಕೊಂಡ. ಏಣು ಮೊಂಡಾಗಿ ಬಂದರೆ ಇನ್ನು ಬೈಯಲು ಸಿಗುತ್ತಿದ್ದದ್ದು ಮನೆಯವರೇ.